ಟೋಲ್ ಗೂಡಿನ ಹಳದಿ ಗವಸು

ಅಪಲಾಚಿಯನ್ ಗುಡ್ಡಗಳ ಕಲ್ಲಿದ್ದಲ ಸೀಮೆಯ ಹೆದ್ದಾರಿಯಲ್ಲಿ, ಟೋಲ್ ಗೂಡಿನಲ್ಲಿ ಕೂತು ಕೂತು ಲುದ್ಮಿಲಾ ಹ್ರೂಬೆಕ್‌ಗೆ ಮನುಷ್ಯರ ಮೇಲೇ ಹೇಸಿಗೆ ಹುಟ್ಟಿತ್ತು. ಹುಟ್ಟದೆ ಏನು ಮಾಡೀತು? ಒಬ್ಬ ಬಾಯಲ್ಲಿ ಕಚ್ಚಿಕೊಂಡಿದ್ದ ನೋಟನ್ನು ಎಂಜಲು ಸಮೇತ ಚಾಚುವನು. ಇನ್ನೊಬ್ಬ ಬೆವರು ನಾರುವ ಕಾಲುಚೀಲದಿಂದ ತೆಗೆಯುವನು. ಚೂಯಿಂಗ್ ಗಮ್ ಅಂಟಿದ ನಾಣ್ಯ, ಸಾಸ್ ಮೆತ್ತಿದ ನಾಣ್ಯ, ಬೇಕೆಂದೇ ನೆಲಕ್ಕೆ ಬೀಳಿಸಿ "ಎತ್ಕೊಳಮ್ಮಾ" ಎಂದು ನಗುವವರ ನಾಣ್ಯ. ಅದಕ್ಕೇ ಅವಳ ಬಲಗೈಗೆ ಸದಾ ಹಳದಿ ರಬ್ಬರಿನ ಗವಸು.

ಅದನ್ನು ಕಳಚುತ್ತಿದ್ದದ್ದು ಒಬ್ಬನಿಗೆ ಮಾತ್ರ, ಹಾಲಿನ ಟ್ಯಾಂಕರಿನ ಎಜ್ರಾನಿಗೆ. ಹಿಮ ಸುರಿಯುವ ಕಾಲದಲ್ಲಿ ಆತ ಚಿಲ್ಲರೆಯನ್ನು ಲಾರಿಯ ಹೀಟರಿನ ಬಾಯಿಗೆ ಹಿಡಿದು ಬೆಚ್ಚಗೆ ಮಾಡಿ ತರುತ್ತಿದ್ದ.

"ತಗೋ ಮಿಲಾ, ಬಿಸಿಬಿಸಿ. ಸುಟ್ಕೊಂಡೀಯಾ!"

"ನಿನ್ ಹೆಂಡ್ತಿ ಕಾಫೀನಾದ್ರೂ ಇಷ್ಟು ಬಿಸಿ ಕೊಡ್ತಾಳೇನೋ?"

"ಅವಳು ಕೊಡೋದು ಬೈಗುಳ. ಅದು ಇದಕ್ಕಿಂತ ಬಿಸಿ."

ಆಮೇಲೆ ಕಂಬದ ಮೇಲೆ ಕ್ಯಾಮೆರಾಗಳು ಬಂದವು. ಗಾಡಿ ನಿಲ್ಲಬೇಕಿಲ್ಲ, ನಂಬರ್ ಪ್ಲೇಟಿನ ಫೋಟೋ ಹಿಡಿದು ಮನೆಗೇ ಬಿಲ್ಲು. ಎಂಜಲು ನೋಟು ಮುಟ್ಟುವುದು ತಪ್ಪಿತಲ್ಲ ಎಂದು ಮಿಲಾ ಹಿಗ್ಗಿದಳು. ಪೂರ್ತಿ ಪಿಂಚಣಿಗೆ ಇನ್ನೆರಡು ವರ್ಷ ಬಾಕಿಯಿತ್ತು, ನಿಜ. ಆದರೆ ಮೇಲಧಿಕಾರಿ ಕರ್ಟಿಸ್ ಮಾತು ಕೊಟ್ಟಿದ್ದ: "ಮಸುಕಾದ ಫೋಟೋ ಓದೋಕೆ ಜನ ಬೇಕೇ ಬೇಕು ಮಿಲಾ. ಆಫೀಸಲ್ಲಿ ಒಂದು ಕುರ್ಚಿ ನಿಮ್ದೇ."

ಗೂಡು ಮುಚ್ಚುವ ದಿನ ಪಕ್ಕದ ಕೋಣೆಯಲ್ಲಿ ಬಲೂನು, ಫೋಟೋದವನು, ಟೋಲ್ ಗೂಡಿನ ಆಕಾರದ್ದೇ ಒಂದು ಕೇಕು. ಅದರ ಕಿಟಕಿಯಲ್ಲಿ ಮಿಲಾಳ ಸಮವಸ್ತ್ರದಂಥದೇ ಕೆಂಪು ಕೋಟಿನ ಸಕ್ಕರೆ ಬೊಂಬೆ. ಕರ್ಟಿಸ್ ಬೊಂಬೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡು ಕಟಕಟ ಅಗಿದ.

"ಸಾರ್, ಸೋಮವಾರ ಎಷ್ಟೊತ್ತಿಗೆ ಬರ್ಲಿ?" ಎಂದಳು ಮಿಲಾ.

"ಎಲ್ಲಿಗೆ?"

"ಫೋಟೋ ಓದೋಕೆ. ನೀವೇ ಹೇಳಿದ್ರಲ್ಲ."

"ಓ, ಅದಾ! ಅದನ್ನ ಬೇರೆ ರಾಜ್ಯದ ಕಂಪನಿಗೆ ಕೊಟ್ಟಾಯ್ತು. ಯಾರೂ ಹೇಳ್ಲಿಲ್ವಾ? ಬೇಜಾರ್ ಮಾಡ್ಕೋಬೇಡಿ, ಕೇಕ್ ತಗೊಳ್ಳಿ. ನೀವು ನಮ್ಮನೆಯವರಿದ್ದ ಹಾಗೆ."

ಅವನ ಹಲ್ಲಿನ ಸಂದಿಯಲ್ಲಿ ಬೊಂಬೆಯ ಕೆಂಪು ಮೆತ್ತಿತ್ತು. ಇಷ್ಟು ವರ್ಷದ ಎಂಜಲು ನೋಟುಗಳೆಲ್ಲ ಒಟ್ಟಿಗೇ ನೆನಪಾಗಿ, ಮಿಲಾ ಬಲಗೈಯ ಗವಸನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

ಕರ್ಟಿಸ್ ಕ್ಯಾಮೆರಾದತ್ತ ನಕ್ಕು ಕೈ ಚಾಚಿದ. "ಗವಸು ತೆಗೀರಿ, ಫೋಟೋ ಚೆನ್ನಾಗಿ ಬರ್ಲಿ."

"ಇರ್ಲಿ ಸಾರ್. ಎಂಥದ್ದನ್ನ ಮುಟ್ಟೋವಾಗ ಹಾಕ್ಕೋಬೇಕು ಅಂತ ನಂಗೆ ಗೊತ್ತು."

ಗವಸಿನ ಕೈಯಲ್ಲೇ ಕೈಕುಲುಕಿದಳು. ಆಮೇಲೆ ಅದನ್ನು ಸುಲಿದು, ಉಳಿದ ಕೇಕಿನ ಮೇಲೆ ಎಸೆದಳು. ಹೊರಗೆ ಹಾಲಿನ ಟ್ಯಾಂಕರಿನ ಹಾರನ್ ಕೇಳಿಸಿತು. ಬರಿಗೈ ಒರೆಸಿಕೊಳ್ಳುತ್ತ, ಎಜ್ರಾನ ಕೊನೆಯ ಚಿಲ್ಲರೆಗೆಂದು ಗೂಡಿನತ್ತ ನಡೆದಳು.