ಬ್ರೇಕಮ್ಮ ಮೇಷ್ಟ್ರನ್ನು ಎತ್ತಿ ಹಾಕಿದ್ದು

ಆ ಬಡಾವಣೆಯಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಮಂದಿ ಬ್ರೇಕಮ್ಮನ ಕೈಯಲ್ಲಿ, ಅಲ್ಲ, ಕಾಲಲ್ಲಿ ಪಳಗಿದವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಆಕೆಯ ಪಾದ ಸದಾ ಎಚ್ಚರವಾಗಿರುತ್ತಿತ್ತು. ಎದುರಿನ ಗೋಡೆ ಕಲಿಯುವವರ ಕಣ್ಣಿಗೆ ಬೀಳುವ ಮೊದಲೇ ಆಕೆ ಹಗುರವಾಗಿ ಒತ್ತಿ, ಏನೂ ನಡೆದೇ ಇಲ್ಲವೆಂಬಂತೆ, "ಹೂಂ, ಈಗ ಮತ್ತೆ ಮೊದಲನೇ ಗೇರ್ ಹಾಕಿ" ಎನ್ನುತ್ತಿದ್ದಳು. ಬೈಗುಳವಿಲ್ಲ, ಕಿರುಚಾಟವಿಲ್ಲ. ಕಲಿಯಲು ಬಂದ ಯಾವಳೋ ತರಲೆ ಹುಡುಗಿ ಇಟ್ಟ ಹೆಸರು ಈ ಬ್ರೇಕಮ್ಮ ಎಂಬುದು. ಕೊನೆಗೆ ಮನೆಯವರ ಬಾಯಿಗೂ ಹತ್ತಿಬಿಟ್ಟಿತು.

ಇಂಥವಳು ನಲವತ್ತು ದಾಟಿದ ಮೇಲೆ ಜೂಡೊ ಕಲಿಯಲು ಹೋದದ್ದು ಮಗಳ ದೆಸೆಯಿಂದ. ಮಗಳು ಹಟ ಹಿಡಿದು ಸೇರಿ, ದಪ್ಪ ಬಟ್ಟೆಯ ಬಿಳಿ ಅಂಗಿ ಹೊಲಿಸಿಕೊಂಡು, ಮೂರೇ ವಾರಕ್ಕೆ "ಅಲ್ಲಿ ಬೆವರು ವಾಸನೆ ಅಮ್ಮಾ" ಎಂದು ಮೂಗು ಮುರಿದಳು. ಇನ್ನು ಬರುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿ ಬರೋಣವೆಂದು ಬ್ರೇಕಮ್ಮ ಒಂದು ಸಂಜೆ ಹೋದಳು. ಟಯರ್ ಅಂಗಡಿಯ ಮೇಲಿನ ಉದ್ದನೆಯ ಹಾಲ್, ನೆಲದ ತುಂಬ ಚಾಪೆಯಂತೆ ಹಾಸಿದ ದಪ್ಪ ಮೆತ್ತೆ, ಕೆಳಗಿನಿಂದ ಏರಿ ಬರುವ ರಬ್ಬರಿನ ವಾಸನೆ. ಮೇಷ್ಟ್ರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದವರು; ಸಂಜೆ ಮಾತ್ರ ಮೇಷ್ಟ್ರು. ಸಣಕಲು ಆಳು, ಮಾತು ಕಡಿಮೆ. ಮಗಳ ವಿಷಯ ಕೇಳಿ ತಲೆಯಾಡಿಸಿ, "ನಿಮಗೆ ಬೀಳೋಕೆ ಬರುತ್ತಾ?" ಎಂದರು.

"ಬೀಳೋದನ್ನೂ ಕಲೀಬೇಕಾ?" ಎಂದು ಈಕೆ ನಕ್ಕಳು.

"ನೆಲ ನಿಮ್ಮನ್ನ ಹೊಡೆಯೋ ಮೊದಲು ನೀವು ನೆಲಾನ ಹೊಡೀಬೇಕು. ಬನ್ನಿ, ಕಲಿಸ್ತೀನಿ."

ಗದ್ದ ಎದೆಗೆ, ಬೆನ್ನು ದುಂಡಗೆ, ಕೈ ಚಾಚಿ ಅಂಗೈಯಿಂದ ಮೊಣಕೈವರೆಗೂ ನೆಲಕ್ಕೆ ಫಟ್ ಎಂದು ಬಡಿಯಬೇಕು. ಮೊದಲ ಸಲ ಸೊಂಟ ಹಿಡಿದುಕೊಂಡಿತು. ಹತ್ತಾರು ಸಲ ಬಿದ್ದ ಮೇಲೆ ಒಮ್ಮೆ, ಅದು ಹೇಗೋ, ಎಲ್ಲೂ ತಾಗಲೇ ಇಲ್ಲ. ಬಿದ್ದದ್ದು ನಿಜ, ನೋವು ಮಾತ್ರ ಇಲ್ಲ. ಬ್ರೇಕಮ್ಮ ಅಂಗಾತ ಮಲಗಿಯೇ ಬೆಪ್ಪಾಗಿ ಸೂರು ನೋಡಿದಳು. ಇಷ್ಟು ವರ್ಷ ಹೆದರಿಕೊಂಡಿದ್ದ ನೆಲ ಇಷ್ಟು ಸುಲಭಕ್ಕೆ ಒಲಿಯುತ್ತದೆಯೇ ಎಂದು ಆಶ್ಚರ್ಯವಾಯಿತು. ಹೇಳಿ ಬರಲು ಹೋದವಳು ತಲೆ ಕೆದರಿಕೊಂಡು ಕತ್ತಲಾದ ಮೇಲೆ ಮನೆಗೆ ಬಂದಳು, ಮರುದಿನ ಮತ್ತೆ ಹೋದಳು.

ಗಂಡನಿಗೆ ಮೆಡಿಕಲ್ ಶಾಪ್. ಬಾಯಿ ಸುಮ್ಮನಿರುವ ಜಾತಿಯಲ್ಲ. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ನಿಂಗೆ ಮೀಸೆ ಚಿಂತೇನೂ ಇಲ್ಲ, ಬೀಳು ಬೀಳು. ನೋವಿನ ಮುಲಾಮು ಮಾರೋಕೆ ನನಗೊಬ್ಬ ಗಿರಾಕಿ ಸಿಕ್ಕ ಹಾಗಾಯ್ತು" ಎಂದು ಆಡಿಕೊಂಡ. ಅವನ ಬಾಯಿ ಮುಚ್ಚಿಸಿದ್ದು ಮನೆಯ ಮೆಟ್ಟಿಲು. ಸಾಬೂನು ನೀರು ಚೆಲ್ಲಿದ್ದ ಮೇಲಿನ ಮೆಟ್ಟಿಲ ಮೇಲೆ ಬ್ರೇಕಮ್ಮ ಒಂದು ಬೆಳಿಗ್ಗೆ ಕಾಲಿಟ್ಟಳು. ಬಕೆಟ್ ಒಂದು ಕಡೆ ಉರುಳಿತು, ಈಕೆ ಇನ್ನೊಂದು ಕಡೆ. ಫಟ್ ಎಂದು ಸದ್ದಾಯಿತು. ಕೆಳಗೆ ಕೂತಿದ್ದ ಅತ್ತೆ ಅಯ್ಯೋ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಎದ್ದು ನಿಂತು ಸೆರಗು ಕೊಡವುತ್ತಿದ್ದಳು. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಇವಳು ಬಿದ್ದಳೋ, ಇಳಿದಳೋ, ನಂಗಂತೂ ಗೊತ್ತಾಗ್ಲಿಲ್ಲಪ್ಪಾ" ಎಂದು ವಾರವಿಡೀ ಬಂದವರಿಗೆಲ್ಲ ಹೇಳಿದರು.

ಹೀಗೆ ವರ್ಷಗಳು ಉರುಳಿದವು. ಬ್ರೇಕಮ್ಮನೂ ಉರುಳುತ್ತಲೇ ಇದ್ದಳು. ಆಕೆಯ ಬೀಳುವ ಚಂದ ಎಂಥದೆಂದರೆ, ಎಸೆದವರಿಗೆ ತಾವೇ ದೊಡ್ಡ ಪೈಲ್ವಾನರು ಅನ್ನಿಸುತ್ತಿತ್ತು. ಕಪ್ಪು ಬೆಲ್ಟಿನ ಪರೀಕ್ಷೆಯಲ್ಲಿ ಇಬ್ಬರು ಜೊತೆಯಾಗಿ ಪಟ್ಟುಗಳನ್ನು ತೋರಿಸಬೇಕು, ಒಬ್ಬರು ಎಸೆಯಬೇಕು, ಒಬ್ಬರು ಬೀಳಬೇಕು. ಎಸೆದವರಿಗೆ ಬೆಲ್ಟು. ಬಿದ್ದವರಿಗೆ ಒಂದು ಲೋಟ ಟೀ. ಬ್ಯಾಂಕಿನ ಗುಮಾಸ್ತ, ಹಲ್ಲಿನ ಡಾಕ್ಟರು, ಆನೆಮರಿಯಂಥ ಪೊಲೀಸ್ ಪೇದೆ, ಎಲ್ಲರೂ ಈಕೆಯನ್ನು ಎತ್ತಿ ಹಾಕಿಯೇ ಕಪ್ಪು ಬೆಲ್ಟು ಕಟ್ಟಿಕೊಂಡವರು. ಹಾಲಿನ ಗೋಡೆಯ ಮೇಲೆ ಅವರ ಪರೀಕ್ಷೆಯ ಫೋಟೊಗಳಿವೆ. ಒಂದರಲ್ಲೂ ಬ್ರೇಕಮ್ಮನ ಮುಖವಿಲ್ಲ. ಗಾಳಿಯಲ್ಲಿ ಮೇಲೆದ್ದ ಎರಡು ಪಾದ ಮಾತ್ರ ಇವೆ.

ಮೇಷ್ಟ್ರು ಬಿದ್ದದ್ದನ್ನು ಮಾತ್ರ ಅಲ್ಲಿ ಯಾರೂ ಕಂಡಿರಲಿಲ್ಲ. ಅವರಿಗಾಗಲೇ ಎಪ್ಪತ್ತು ದಾಟಿತ್ತು. ಬೆರಳ ತುದಿಯಲ್ಲಿ ಒಬ್ಬರ ಮೊಣಕೈ ಸರಿಮಾಡಿ, ಇನ್ನೊಬ್ಬರ ಪಾದವನ್ನು ತಮ್ಮ ಪಾದದಿಂದ ಸರಿಸಿ, ಹಾಲಿನ ತುಂಬ ಓಡಾಡುತ್ತಿದ್ದರು. ಅವರನ್ನು ಹಿಡಿದು ಎಳೆಯುವ ಧೈರ್ಯ ಯಾರಿಗಿದೆ?

ಒಂದು ಸಂಜೆ ಅವರು ಬ್ರೇಕಮ್ಮನನ್ನು ಕರೆದು, "ಈ ಸಲದ ಪರೀಕ್ಷೆಗೆ ನಿನ್ನ ಹೆಸರು ಕೊಟ್ಟಿದ್ದೀನಿ" ಎಂದರು.

"ಆಗ್ಲಿ ಮೇಷ್ಟ್ರೇ. ಯಾರಿಗೆ ಬೀಳ್ಬೇಕು?"

"ಬೀಳೋಕಲ್ಲಮ್ಮ. ಎಸೆಯೋಕೆ."

ಬ್ರೇಕಮ್ಮನಿಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸೆ ಇತ್ತು, ಬೆಟ್ಟದಷ್ಟಿತ್ತು. ಬಾಯಿಬಿಟ್ಟು ಹೇಳಿದರೆ ಜನ ನಕ್ಕಾರು ಎಂದು ಒಳಗೇ ಇಟ್ಟುಕೊಂಡಿದ್ದಳು. ಪರೀಕ್ಷಕರು ಬರುವುದು ಎರಡು ವರ್ಷಕ್ಕೊಮ್ಮೆ. ಆಕೆಯ ಮಂಡಿ ಆಗಲೇ ಗೊಣಗಲು ಶುರುಮಾಡಿತ್ತು. ಈ ಸಲ ತಪ್ಪಿದರೆ ಇನ್ನಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬೀಳಲು ಹಲ್ಲಿನ ಡಾಕ್ಟರು ಒಪ್ಪಿದ್ದರು. ಪರೀಕ್ಷೆಗೆ ಇನ್ನೇನು ವಾರವಿದೆ ಎನ್ನುವಾಗ ಆ ಮಹಾನುಭಾವರು ನಿಂತಿದ್ದ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೇದೆಗೆ ಬೇರೆ ಊರಿಗೆ ವರ್ಗವಾಗಿತ್ತು, ಗುಮಾಸ್ತನಿಗೆ ಹೊಟ್ಟೆ ಬಂದು ಅಭ್ಯಾಸ ಬಿಟ್ಟುಹೋಗಿತ್ತು. ಹೊಸಬರಿಗೆ ಆ ಪಟ್ಟುಗಳು ಬರುವುದಿಲ್ಲ. ಬ್ರೇಕಮ್ಮ ತಲೆ ತಗ್ಗಿಸಿ ನಿಂತಿದ್ದಳು.

"ನಾನು ಬೀಳ್ತೀನಿ" ಎಂದರು ಮೇಷ್ಟ್ರು.

ಕೆಳಗಿನ ಅಂಗಡಿಯಲ್ಲಿ ಯಾರದೋ ಟಯರಿಗೆ ಗಾಳಿ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು.

ಮರುದಿನವೇ ಮೇಷ್ಟ್ರ ಮಗಳು ಬ್ರೇಕಮ್ಮನನ್ನು ಹುಡುಕಿಕೊಂಡು ಬಂದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕಕ್ಕೆ ಕೂತಳು. "ಅಕ್ಕಾ, ಮನೇಲಿ ನೆಲ ಒರೆಸಿದ್ರೆ ಅದು ಒಣಗೋವರೆಗೂ ಅಪ್ಪನ್ನ ಕುರ್ಚಿಯಿಂದ ಏಳೋಕೆ ಬಿಡಲ್ಲ ನಾವು. ಅಷ್ಟು ಜೋಪಾನ ಮಾಡ್ತಿದ್ದೀವಿ. ಇದೊಂದು ವಿಷಯದಲ್ಲಿ ಮಾತು ಕೇಳಲ್ಲ. ಎಸೀಬೇಡಿ ಅನ್ನಲ್ಲ. ಮೆತ್ತಗೆ ಎಸೀರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಹಾಗೆಲ್ಲ ಅನ್ಬೇಡಮ್ಮ. ಮೆತ್ತಗೇ ಎಸೀತೀನಿ, ಮಾತು ಕೊಟ್ಟೆ" ಎಂದಳು ಬ್ರೇಕಮ್ಮ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದು ತನ್ನಿಂದ ಆಗುತ್ತದೆ ಎಂದೇ ಆಕೆ ನಂಬಿದ್ದಳು. ದಿನವಿಡೀ ಮಾಡುವ ಕೆಲಸ ಅದೇ ತಾನೆ?

ಅಂದು ಸಂಜೆ ಮೇಷ್ಟ್ರ ತೋಳು ಹಿಡಿದಳು, ಕೊರಳಪಟ್ಟಿ ಹಿಡಿದಳು, ತಿರುಗಿ ಸೊಂಟದ ಮೇಲೆ ಎತ್ತಿದಳು. ಅವರ ಕಾಲು ನೆಲ ಬಿಟ್ಟ ಗಳಿಗೆಯಲ್ಲಿ ಆಕೆಯ ಮೈಯೆಲ್ಲ ಬ್ರೇಕ್ ಒತ್ತಿತು. ಬೀಳುತ್ತಿದ್ದವರನ್ನು ಹಿಂದಕ್ಕೆ ಎಳೆದು ಮೆಲ್ಲಗೆ ಇಳಿಸಲು ಹೋದಳು. ಮೇಷ್ಟ್ರು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಭುಜದ ಮೂಳೆಯ ಮೇಲೆ ಧೊಪ್ಪೆಂದು ಬಿದ್ದರು. ಮುಖ ಬಿಳುಚಿಕೊಂಡಿತು.

"ಮೇಷ್ಟ್ರೇ, ನಿಮಗೆ ಪೆಟ್ಟಾಗ್ಬಾರದು ಅಂತ..."

"ಆಯ್ತಲ್ಲಮ್ಮ ಪೆಟ್ಟು" ಎಂದು ಅವರು ಭುಜ ಉಜ್ಜಿಕೊಂಡು ಎದ್ದು ಕೂತರು. "ಅರ್ಧ ಎಸೆದ್ರೆ ಬೀಳೋನು ಅರ್ಧವೇ ತಿರುಗ್ತಾನೆ, ಭುಜ ಮುರ್ಕೊಳ್ತಾನೆ. ಪೂರ್ತಿ ಎಸೆದ್ರೆ ಪೂರ್ತಿ ತಿರುಗಿ ಬೆನ್ನಗಲಕ್ಕೂ ಬೀಳ್ತಾನೆ. ಇಷ್ಟು ವರ್ಷ ಬಿದ್ದವಳಿಗೆ ಇದು ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು? ಆನೆಮರಿ ಪೇದೆ ಎಸೆದಾಗ ಎಂದೂ ನೋವಾಗಿರಲಿಲ್ಲ. ಅಳುಕುತ್ತ, ಕ್ಷಮಿಸಿ ಅಕ್ಕಾ ಎನ್ನುತ್ತ ಎಸೆದ ಹೊಸಬರೇ ಆಕೆಯ ಮೈಮೇಲೆ ನೀಲಿ ಬರೆ ಎಳೆದವರು. ಬೆನ್ನಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮೇಷ್ಟ್ರು ಪಟ್ಟಿನ ಅರ್ಧದವರೆಗೆ ಮಾತ್ರ ಅಭ್ಯಾಸ ಮಾಡಿಸಿದರು. ಆ ಭುಜಕ್ಕೆ ಇನ್ನೊಂದು ಪೆಟ್ಟು ತಡೆಯುವ ಶಕ್ತಿಯಿರಲಿಲ್ಲ.

"ಗುರುವಿಗೇ ತಿರುಮಂತ್ರ ಅಂದ್ರೆ ಇದೇ ನೋಡು" ಎಂದು ಗಂಡ ಶುರುಮಾಡಿದವನು ಹೆಂಡತಿಯ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದ.

"ಪರೀಕ್ಷೆ ಬೇಡ ಅಂದ್ಬಿಡ್ಲೇನ್ರೀ?"

"ಅವರ ಭುಜಕ್ಕೆ ಹೆದರಿ ಕೇಳ್ತಿದ್ದೀಯೋ, ನಿನ್ನ ಕೈಗೆ ಹೆದರಿ ಕೇಳ್ತಿದ್ದೀಯೋ?" ಎಂದ ಆತ.

ಪರೀಕ್ಷೆಯ ಬೆಳಿಗ್ಗೆ ಮೇಜಿನ ಹಿಂದೆ ಮೂವರು ಪರೀಕ್ಷಕರು ಕೂತರು. ಗಂಡ ಚಪ್ಪಲಿ ಬಿಡುವ ಜಾಗದ ಬೆಂಚಿನ ತುದಿಯಲ್ಲಿ, ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಮೇಷ್ಟ್ರ ಮಗಳು ಬಾಗಿಲ ಬಳಿ ಕೈಚೀಲ ಅವುಚಿಕೊಂಡು ನಿಂತಿದ್ದಳು. ಆಕೆಯ ಕಣ್ಣು ಕಂಡ ಕೂಡಲೇ ಬ್ರೇಕಮ್ಮನಿಗೆ ಕೊಟ್ಟ ಮಾತು ನೆನಪಾಯಿತು. ಮೊದಲನೇ ಪಟ್ಟು ಮತ್ತೆ ಮುಗ್ಗರಿಸಿತು. ಮೇಷ್ಟ್ರು ಹೇಗೋ ಮೈ ತಿರುಗಿಸಿಕೊಂಡು ಭುಜ ಉಳಿಸಿಕೊಂಡರು. ಪರೀಕ್ಷಕರೊಬ್ಬರು ತುಟಿ ಬಿಗಿಹಿಡಿದರು.

ಎದ್ದು ಬಂದ ಮೇಷ್ಟ್ರು ಅಂಗಿ ಸರಿಮಾಡಿಕೊಳ್ಳುವ ನೆಪದಲ್ಲಿ ಹತ್ತಿರ ನಿಂತು, ತುಟಿ ಅಲುಗಿಸದೆ ಹೇಳಿದರು. "ನೀನು ಕಾರಲ್ಲಿ ಕೂತಿಲ್ಲ ಕಣಮ್ಮ. ಬೀಳೋದು ನನ್ನ ಕೆಲಸ. ನನ್ನ ಕೆಲಸ ನನಗೆ ಬಿಡು."

ಅದು ಬೇಡಿಕೆಯಂತಿತ್ತು. ಮೇಷ್ಟ್ರ ಬಾಯಲ್ಲಿ ಆಕೆ ಎಂದೂ ಅಂಥ ದನಿ ಕೇಳಿರಲಿಲ್ಲ. ಬ್ರೇಕಮ್ಮ ಬಾಗಿಲ ಕಡೆ ನೋಡುವುದನ್ನು ಬಿಟ್ಟಳು. ತೋಳು ಹಿಡಿದಳು, ಎಳೆದಳು, ತಿರುಗಿದಳು, ಎಲ್ಲೂ ತಡೆಯಲಿಲ್ಲ.

ಭಾರವೇ ಇರಲಿಲ್ಲ. ಒಬ್ಬ ಮನುಷ್ಯ ತನ್ನ ಬೆನ್ನ ಮೇಲಿಂದ ಹಾದುಹೋದ ಎಂಬುದೇ ಆಕೆಗೆ ತಿಳಿಯಲಿಲ್ಲ. ಕಣ್ಣ ಮುಂದೆ ಬಿಳಿ ಅಂಗಿ ಒಂದು ಸುತ್ತು ತೆರೆದುಕೊಂಡು, ಎರಡು ಬಡಕಲು ಕಾಲು ಒಟ್ಟಾಗಿ ಆಕಾಶ ತೋರಿಸಿ, ಆಮೇಲೆ ಫಟಾರ್ ಎಂದು ಸದ್ದು. ಕಿಟಕಿಯ ಗಾಜುಗಳು ಅದುರಿದವು. ಆ ಹಾಲಿನಲ್ಲಿ ಸಾವಿರ ಸಲ ಬಿದ್ದವಳು ಅಂಥ ಸದ್ದನ್ನು ಕೇಳಿರಲಿಲ್ಲ. ಸದ್ದು ಅಡಗುವ ಮೊದಲೇ ಮೇಷ್ಟ್ರು ಎದ್ದು ನಿಂತಿದ್ದರು. ಬ್ರೇಕಮ್ಮ ಇಷ್ಟು ವರ್ಷ ಬೀಳುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಒಳಗೊಳಗೇ ಬೀಗಿದ್ದಳು. ಇದರ ಮುಂದೆ ಅದೆಲ್ಲ ಮೆಟ್ಟಿಲಿಂದ ಜಾರಿದ್ದಷ್ಟೇ. ಇವರೊಳಗೆ ಇದು ಇಷ್ಟು ದಿನ ಎಲ್ಲಿ ಅಡಗಿತ್ತು?

ಮುಂದೆ ಒಂದರ ಹಿಂದೊಂದು ಪಟ್ಟು. ಭುಜದ ಮೇಲಿಂದ, ಸೊಂಟದ ಮೇಲಿಂದ, ಕಾಲು ಗುಡಿಸಿ. ಎಸೆದಷ್ಟೂ ಅವರು ಹಗುರಾದರು. ಎಸೆಯುತ್ತಿರುವುದು ತಾನೋ, ಹಾರುತ್ತಿರುವುದು ಅವರೋ, ಬ್ರೇಕಮ್ಮನಿಗೆ ಲೆಕ್ಕ ತಪ್ಪಿತು. ಗಂಡ ಬೆಂಚು ಬಿಟ್ಟು ಎದ್ದು ನಿಂತಿದ್ದ, ಬಾಯಿ ತೆರೆದುಕೊಂಡಿತ್ತು. ಮೇಷ್ಟ್ರ ಮಗಳು ಯಾವಾಗಲೋ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದಳು.

ಮುಗಿದಾಗ ಹಿರಿಯ ಪರೀಕ್ಷಕರು ಮೇಜು ಬಿಟ್ಟು ಬಂದು ಮೇಷ್ಟ್ರಿಗೆ ಸೊಂಟದವರೆಗೂ ಬಾಗಿದರು. ಆಮೇಲೆ ಈಕೆಯ ಕಡೆ ತಿರುಗಿ, "ಪಾಸಾಗಿದ್ದೀರಿ. ಮೊದಲನೇ ಪಟ್ಟು ನಾವು ನೋಡ್ಲಿಲ್ಲ ಅಂತಿಟ್ಕೊಳ್ಳಿ" ಎಂದು ನಕ್ಕರು. ಬ್ರೇಕಮ್ಮ ಅತ್ತಳು. ಅಳು ಬಂತು, ಅತ್ತಳು, ಮುಚ್ಚಿಡಲು ಹೋಗಲಿಲ್ಲ.

ಎಲ್ಲರೂ ಟೀ ಕುಡಿಯಲು ಕೆಳಗಿಳಿದರು. ಮೇಷ್ಟ್ರು ಮಾತ್ರ ಮೆತ್ತೆಯ ಮೇಲೆ ಕೂತೇ ಇದ್ದರು. ಬ್ರೇಕಮ್ಮ ಗಾಬರಿಯಿಂದ ಹತ್ತಿರ ಹೋಗಿ ಮಂಡಿಯೂರಿದಳು.

"ನೋವಾಯ್ತಾ ಮೇಷ್ಟ್ರೇ?"

ಅವರು ಇಲ್ಲವೆಂದು ತಲೆಯಾಡಿಸಿದರು. "ಎಷ್ಟು ವರ್ಷ ಆಯ್ತೋ, ನನ್ನ ಯಾರೂ ಎಸೆದಿರಲಿಲ್ಲ ಕಣಮ್ಮ. ವಯಸ್ಸಾಯ್ತು ನೋಡು, ಎಲ್ಲರಿಗೂ ಭಯ. ಮನೇಲಿ ಗಾಜಿನ ಲೋಟದ ಥರ ಎತ್ತಿಡ್ತಾರೆ. ಇಲ್ಲಿ ಕೈ ಮುಗಿದು ದೂರ ನಿಲ್ತಾರೆ. ಬಾಯಿಬಿಟ್ಟು ಎಸೀರಿ ಅಂತ ಯಾರನ್ನ ಕೇಳಲಿ? ಆ ಡಾಕ್ಟರು ಕೈ ಮುರ್ಕೊಂಡಾಗ ಪಾಪ ಅನ್ನಿಸ್ಲಿಲ್ಲ ನಂಗೆ. ಅಬ್ಬಾ, ನನ್ನ ಸರದಿ ಬಂತು ಅನ್ನಿಸ್ತು."

ಅವರು ಎದ್ದು, ಅಂಗಿಯ ಕೊರಳು ನೇರಮಾಡಿಕೊಂಡು, ಒಂದು ತೋಳನ್ನು ಆಕೆಯ ಕಡೆ ಚಾಚಿದರು. ಎಪ್ಪತ್ತು ದಾಟಿದ ಮುಖದಲ್ಲಿ ನಾಚಿಕೆಯಿತ್ತು.

"ಅವರೆಲ್ಲ ಬರೋದ್ರೊಳಗೆ, ಇನ್ನೊಂದು ಸಲ ಎಸೀತೀಯಾ?"

ಬ್ರೇಕಮ್ಮ ಬಾಗಿಲ ಕಡೆ ನೋಡಿದಳು. ಮೇಷ್ಟ್ರ ಮಗಳು ಕೆಳಗಿಳಿಯದೆ ಅಲ್ಲೇ ಇದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆ ಬೇಡ ಎನ್ನಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಯಾರೂ ಒಳಗೆ ಬರದಂತೆ ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತುಕೊಂಡಳು.

ಬ್ರೇಕಮ್ಮ ತೋಳು ಹಿಡಿದು, ಮೇಷ್ಟ್ರನ್ನು ಪೂರ್ತಿ ಎಸೆದಳು.