ಪಕ್ಕದ ಮನೆಯ ಸೀಮೆಎಣ್ಣೆ

ಮಗಳಿಗೆ ಎಂಟು ತಿಂಗಳಾದಾಗ ನಾನು ಪತ್ರಿಕೆಯ ಕೆಲಸ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೂರು ವರ್ಷ ಸುದ್ದಿ ಮೇಜಿನಲ್ಲಿ ಕೂತು ಪೊಲೀಸ್ ಠಾಣೆಗಳಿಂದ ಬರುವ ಟಿಪ್ಪಣಿಗಳನ್ನು ತಿದ್ದಿ ಬರೆಯುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಆರಂಭದಲ್ಲಿ, ಜಯನಗರ ಮುಗಿದು ತಿಲಕ್ ನಗರ ಶುರುವಾಗುವ ಕಡೆಯ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆ ಮನೆಯ ಗೃಹಿಣಿಯಾದೆ. ಕೊನೆಯ ದಿನ ಹಿರಿಯ ಸಹೋದ್ಯೋಗಿಯೊಬ್ಬರು, "ಇನ್ಮೇಲೆ ನಿಮ್ಗೆ ಡೆಡ್‌ಲೈನ್ ಅಂದ್ರೆ ಕುಕ್ಕರ್ ಸೀಟಿ, ಅಷ್ಟೇ ಮೇಡಂ" ಎಂದು ನಕ್ಕರು. ನಾನೂ ನಕ್ಕೆ.

ಮನೆಯಲ್ಲಿ ಉಳಿದದ್ದನ್ನು ನಾನು ತ್ಯಾಗ ಎಂದು ಎಲ್ಲೂ ಹೇಳಿಕೊಂಡಿಲ್ಲ. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಿತ್ತು. ಮಗಳ ಮೈ ಬೆಚ್ಚಗಾಗುವ ಮೊದಲೇ ಅವಳು ಹಾಲು ಕುಡಿಯುವ ರೀತಿಯಲ್ಲಿ ಜ್ವರ ಗುರುತಿಸುತ್ತಿದ್ದೆ. ನಮ್ಮ ಸಾಲಿನ ಎಂಟು ಮನೆಗಳಲ್ಲಿ ಯಾರ ಮನೆಗೆ ಗ್ಯಾಸ್ ಬಂದಿದೆ, ಯಾರು ಇನ್ನೂ ಕಾಯುತ್ತಿದ್ದಾರೆ, ಯಾರ ಹಿತ್ತಿಲ ನಲ್ಲಿ ಸೋರುತ್ತದೆ, ಎಲ್ಲವೂ ತಿಳಿದಿತ್ತು. ವರದಿಗಾರರಿಗೆ ಸಿಗದ ಮಾಹಿತಿ ಅದು. ಹಗಲು ಹೊತ್ತು ಅಲ್ಲೇ ಇರುವವರಿಗೆ ಮಾತ್ರ ಸಿಗುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ತಾಯಿ, ಕಚೇರಿಗೆ ಹೋಗುವ ಅವರ ಮಗ ಇದ್ದರು. ಆ ವೈಶಾಖದಲ್ಲಿ ಸೊಸೆ ಬಂದಳು. ಹಾಸನದ ಕಡೆಯವಳು, ಇಪ್ಪತ್ತು ತುಂಬಿರಲಿಲ್ಲ. ಅವಳ ಅತ್ತೆ ನನ್ನನ್ನು ಕರೆದು ಅಡುಗೆಮನೆ ತೋರಿಸಿದ್ದರು: ಎರಡು ಸಿಲಿಂಡರ್, ಹೊಳೆಯುವ ಎರಡು ಬರ್ನರ್ ಒಲೆ. "ನಮ್ ಹುಡುಗಿಗೆ ಏನ್ ಕಷ್ಟಾರೀ? ಬೆಂಕಿಕಡ್ಡಿ ಗೀರಿದ್ರೆ ಅಡುಗೆ!" ಎಂದರು. ಬೀಗರು ಕೊಡುತ್ತೇನೆಂದಿದ್ದ ಸ್ಕೂಟರ್ ಮಾತ್ರ ಇನ್ನೂ ಬಂದಿಲ್ಲ ಎಂದೂ ಅಂದೇ ಹೇಳಿದರು. ಬುಕ್ ಮಾಡಿದ ಸ್ಕೂಟರಿಗೆ ವರ್ಷಗಟ್ಟಲೆ ಕಾಯುವ ಕಾಲವಾದ್ದರಿಂದ ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಗ್ಯಾಸ್ ಇದ್ದವರ ರೇಷನ್ ಕಾರ್ಡಿಗೆ ಮುದ್ರೆ ಒತ್ತಿ ಸೀಮೆಎಣ್ಣೆ ನಿಲ್ಲಿಸುತ್ತಿದ್ದರು. ನಮಗಿನ್ನೂ ಗ್ಯಾಸ್ ಇರಲಿಲ್ಲ. ಬತ್ತಿ ಸ್ಟವ್ ಉರಿಸುತ್ತಿದ್ದೆ. ಆದರೂ ಪ್ರತಿ ತಿಂಗಳು ಡಬ್ಬದಲ್ಲಿ ಎಣ್ಣೆ ಮಿಗುತ್ತಿತ್ತು, ಅದೂ ನನ್ನ ಹೆಮ್ಮೆಗಳಲ್ಲಿ ಒಂದು. ಆಷಾಢದಲ್ಲಿ ಅತ್ತೆ ಕಾಂಪೌಂಡಿನ ಆಚೆಯಿಂದ ಕೇಳಿದರು:

"ಒಂದ್ ಬಾಟ್ಲಿ ಸೀಮೆಎಣ್ಣೆ ಇದ್ರೆ ಕೊಡ್ತೀರೇನ್ರೀ? ಕರೆಂಟ್ ಹೋಗೋದೇ ಹೋಗೋದು, ಲಾಟೀನಿಗೆ ಬೇಕಿತ್ತು."

ಕೊಟ್ಟೆ. ಅವರು ಬಾಟಲಿಯನ್ನು ಬರಿದಾಗಿ ಹಿಂತಿರುಗಿಸಲಿಲ್ಲ, ಜೊತೆಗೆ ನಾಲ್ಕು ನಿಂಬೆಹಣ್ಣು ಕಳಿಸಿದರು. ಮರುವಾರ ಮತ್ತೆ ಕೇಳಿದರು. ಮೂರನೆಯ ಸಲ ನಾನೇ ಕರೆದು ಕೊಟ್ಟೆ. "ನಿಮ್ಮಂಥ ಅಚ್ಚುಕಟ್ಟು ನಾನೆಲ್ಲೂ ನೋಡಿಲ್ಲ ಬಿಡಿ" ಎಂದರು. ಆ ಮಾತು ನನಗೆ ಇಷ್ಟವಾಯಿತು. ಒಂದು ಲಾಟೀನು ವಾರಕ್ಕೆ ಅಷ್ಟು ಎಣ್ಣೆ ಕುಡಿಯುವುದಿಲ್ಲ ಎಂಬುದು ಯಾವ ಗೃಹಿಣಿಗೂ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ, ಸೊಸೆ ಗೋಡೆಯ ಬಳಿ ಬಂದಳು.

"ಅಕ್ಕಾ, ಪಂಪ್ ಸ್ಟವ್‌ಗೆ ಗಾಳಿ ಎಷ್ಟು ಹೊಡೀಬೇಕು? ನಮ್ಮೂರಲ್ಲಿ ಸೌದೆ ಒಲೆ. ನಂಗಿದು ಬರಲ್ಲ."

"ನಿಮ್ಮನೇಲಿ ಗ್ಯಾಸ್ ಇದ್ಯಲ್ಲೇ?"

"ಅದು ಅತ್ತೇದು. ಮಡಿ ಅಡುಗೆಗಂತೆ. ನಂಗೆ ಹಿಂದೆ ಬೇರೆ ಮಾಡ್ಕೊಟ್ಟಿದಾರೆ. ಬನ್ನಿ, ತೋರಿಸ್ತೀನಿ."

ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಹಿತ್ತಿಲಲ್ಲಿ ಮೊದಲು ಸೌದೆ ಪೇರಿಸಿಡುತ್ತಿದ್ದ ಕೋಣೆ. ಕಿಟಕಿ ಇರಲಿಲ್ಲ. ಹೊಸ ಹಿತ್ತಾಳೆ ಸ್ಟವ್ ನೆಲದ ಮೇಲಿತ್ತು. ಮೂಲೆಯ ತಗಡಿನ ಡಬ್ಬದ ಮುಚ್ಚಳ ತೆಗೆದು ನೋಡಿದೆ. ನಾನು ಕೊಟ್ಟ ಸೀಮೆಎಣ್ಣೆ ಕಂಠದವರೆಗೆ ತುಂಬಿತ್ತು. ಒಂದು ಹನಿಯನ್ನೂ ಲಾಟೀನಿಗೆ ಬಳಸಿರಲಿಲ್ಲ. ಬಾಗಿಲಿಗೆ ಒಳಗಡೆ ಚಿಲಕವಿರಲಿಲ್ಲ. ಹೊರಗಡೆ ಇತ್ತು, ಹೊಸದು, ಮೊಳೆಗಳ ಸುತ್ತ ಮರ ಇನ್ನೂ ಬೆಳ್ಳಗಿತ್ತು.

ಹುಡುಗಿ ನೈಲಾನ್ ಸೀರೆ ಉಟ್ಟಿದ್ದಳು.

"ಸ್ಟವ್ ಮುಂದೆ ಇದ್ಯಾಕೆ ಉಟ್ಟೆ?"

"ಅತ್ತೆ ಹೇಳಿದಾರೆ. ಹತ್ತಿ ಸೀರೆ ಎಲ್ಲಾ ಎತ್ತಿಟ್ಬಿಟ್ರು. ಅಡುಗೆಗೆ ಇದೇ ಇರ್ಲಿ, ಒಗೆಯೋದು ಸುಲಭ ಅಂದ್ರು."

ಮಡಿಗಾಗಿ ಗ್ಯಾಸ್ ಒಲೆಯನ್ನೇ ಬೇರೆ ಮಾಡುವ ಮನೆಯಲ್ಲಿ ಅಡುಗೆಗೆ ನೈಲಾನ್ ಉಡಿಸುವವರಿಲ್ಲ. ನನ್ನ ಕೈಯಲ್ಲಿ ಮಗಳು ಒದ್ದಾಡಿದಳು. ನಾನು ಅವಳನ್ನು ಬಿಗಿಯಾಗಿ ಹಿಡಿದಿದ್ದೆ.

ಸುದ್ದಿ ಮೇಜಿನಲ್ಲಿ ಅಂಥ ಟಿಪ್ಪಣಿಗಳು ಆಗಾಗ ಬರುತ್ತಿದ್ದವು. ಸ್ಟವ್ ಸಿಡಿದು ಗೃಹಿಣಿ ಸಾವು: ಒಂದು ಕಾಲಂ, ನಾಲ್ಕು ಸಾಲು. ವಯಸ್ಸು, ಬಡಾವಣೆ, ಆಸ್ಪತ್ರೆ. ಆ ಮನೆಯಲ್ಲಿ ಗ್ಯಾಸ್ ಇತ್ತೇ, ಬಾಗಿಲ ಚಿಲಕ ಯಾವ ಕಡೆಗಿತ್ತು, ಅವಳು ಯಾವ ಸೀರೆ ಉಟ್ಟಿದ್ದಳು, ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಸಾಲುಗಳನ್ನು ತಪ್ಪಿಲ್ಲದೆ ಬರೆದಿದ್ದೇನೆ ಎಂದು ತೃಪ್ತಿಪಟ್ಟಿದ್ದೆ.

ಗಂಡನಿಗೆ ಹೇಳಿದೆ. "ಏನೂ ಆಗಿಲ್ವಲ್ಲೇ ಇನ್ನೂ. ಏನಂತ ಕಂಪ್ಲೇಂಟ್ ಕೊಡ್ತೀಯ?" ಎಂದರು. ಅವರದು ತಪ್ಪಲ್ಲ. ಒಂದು ಸೀರೆ, ಒಂದು ಚಿಲಕ, ನಾನೇ ಕೊಟ್ಟ ಸೀಮೆಎಣ್ಣೆ. ಯಾವ ಠಾಣೆಯೂ ದೂರು ಬರೆದುಕೊಳ್ಳುತ್ತಿರಲಿಲ್ಲ, ಯಾವ ಪತ್ರಿಕೆಯೂ ಅಚ್ಚು ಹಾಕುತ್ತಿರಲಿಲ್ಲ. ನನ್ನಲ್ಲಿದ್ದದ್ದು ಹಗಲು ಹೊತ್ತು ಮಾತ್ರ.

ಅವತ್ತೇ ನನ್ನ ಎರಡು ಹತ್ತಿ ಸೀರೆ ಅವಳಿಗೆ ಕೊಟ್ಟೆ. ಅವಳ ತಂದೆಯ ವಿಳಾಸ ಕೇಳಿಕೊಂಡು ಇನ್‌ಲ್ಯಾಂಡ್ ಪತ್ರ ಬರೆದೆ. ವಿಶೇಷಣವಿಲ್ಲದೆ, ಕಂಡದ್ದನ್ನಷ್ಟೇ ಬರೆದು, ಕೂಡಲೇ ಬನ್ನಿ ಎಂದು ಮುಗಿಸಿದೆ. ಮಾರನೆಯ ದಿನದಿಂದ ಅವಳ ಗಂಡ ಕಚೇರಿಗೆ ಹೊರಟ ಮೇಲೆ, ಹುರುಳಿಕಾಯಿಯೋ ಸೊಪ್ಪೋ ಮೊರದಲ್ಲಿ ಹಾಕಿಕೊಂಡು, ಮಗಳೊಡನೆ ಆ ಹಿತ್ತಿಲಿಗೆ ಹೋಗಿ ಬಾಗಿಲ ಹೊಸ್ತಿಲ ಮೇಲೆಯೇ ಕೂರತೊಡಗಿದೆ. ಅವಳ ಅಡುಗೆ ಮುಗಿದು ಸ್ಟವ್ ಆರುವವರೆಗೆ ಏಳುತ್ತಿರಲಿಲ್ಲ.

ಅತ್ತೆ ಮೂರು ದಿನ ನೋಡಿದರು. ನಾಲ್ಕನೆಯ ದಿನ, "ಏನ್ರೀ, ನಿಮ್ಮನೇಲಿ ಹೊಸ್ಲಿಲ್ವಾ?" ಎಂದರು.

"ನಮ್ಮನೇಲಿ ಮಾತಾಡೋಕೆ ಯಾರೂ ಇಲ್ಲ ಕಣ್ರೀ. ಇವ್ಳು ಮಾತೇ ಆಡಲ್ಲ," ಎಂದು ಮಗಳನ್ನು ತೋರಿಸಿದೆ.

"ಅಷ್ಟು ಓದಿ, ಕೆಲ್ಸ ಬಿಟ್ಟು, ಈಗ ಅಕ್ಕಪಕ್ಕದವರ ಮನೆ ಕಾವಲು ಕೆಲ್ಸ ಹಿಡಿದ್ರಾ?"

"ಹೂಂ. ಬೇರೆ ಏನ್ ಕೆಲ್ಸ ಇದೆ ನಂಗೆ?"

ಅವರು ನಕ್ಕರು. ಅವರು ಕೂಗಾಡಿದ್ದರೂ ನನಗೆ ಆ ನಗುವಿನಷ್ಟು ಭಯವಾಗುತ್ತಿರಲಿಲ್ಲ. ಮರುದಿನ ಹೋದಾಗ ಹಿತ್ತಿಲ ಗೇಟಿಗೆ ಬೀಗ ಬಿದ್ದಿತ್ತು. ಗೋಡೆಯ ಈಚೆ ನಿಂತು ಅವಳನ್ನು ಕರೆದೆ, ಉತ್ತರ ಬರುವವರೆಗೆ. ಆಮೇಲೆ ಕಾಲು ಗಂಟೆಗೊಮ್ಮೆ ಏನಾದರೊಂದು ಕೇಳಿದೆ: ಸಾರಿಗೆ ಹುಣಸೆ ಎಷ್ಟು, ಗಂಟೆ ಎಷ್ಟು, ನಿನ್ನ ತಂಗಿಯ ವಯಸ್ಸೆಷ್ಟು. ಒಂದು ಸಲ ಉತ್ತರ ತಡವಾಯಿತು. ಮಗಳನ್ನು ನೆಲಕ್ಕಿಳಿಸಿ ಗೋಡೆ ಹತ್ತಲು ಕೈ ಕೊಟ್ಟೆ. ಅಷ್ಟರಲ್ಲಿ, "ನೀರು ತರ್ತಿದ್ದೆ ಅಕ್ಕಾ" ಎಂಬ ಧ್ವನಿ ಬಂತು.

ಆರನೆಯ ದಿನ ತಂದೆ ಬಂದರು. ಪ್ರಾಥಮಿಕ ಶಾಲೆಯ ಮೇಷ್ಟ್ರು, ಕೈಯಲ್ಲಿ ಬಟ್ಟೆ ಚೀಲ. ಹಜಾರದಲ್ಲಿ ಕಾಫಿ ಕುಡಿಯುತ್ತ, "ಸ್ಕೂಟರ್ ಮುಂದಿನ್ ತಿಂಗ್ಳು ಗ್ಯಾರಂಟಿ ತಾಯೀ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ತಮ್ಮ ಮಗಳನ್ನು ಅಲ್ಲೇ ಬಿಟ್ಟು ಹೋಗುವ ಲಕ್ಷಣ ಕಂಡಿತು. ಮುಂಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಹೋಗಿ, "ಮೇಷ್ಟ್ರೇ, ನಿಮ್ ಮಗಳ ಅಡುಗೆಮನೆ ನೋಡಿದ್ರಾ?" ಎಂದೆ. ಅವರು ನನ್ನ ಹಿಂದೆ ಬಂದರು. ಚಿಲಕವನ್ನು ಬೆರಳಿನಿಂದ ಮುಟ್ಟಿದರು. ಒಮ್ಮೆ ಹಾಕಿ, ತೆಗೆದರು. ಹಜಾರಕ್ಕೆ ಮರಳಿ, "ಇವಳ ತಾಯಿಗೆ ಹುಷಾರಿಲ್ಲ, ಹದಿನೈದು ದಿನ ಕಳ್ಸಿಕೊಡಿ" ಎಂದು ಕೈ ಮುಗಿದರು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟರು. ಅವಳು ಮತ್ತೆ ಬರಲಿಲ್ಲ.

ಅಂದು ಸಂಜೆ ಅತ್ತೆ ಗೇಟಿನ ಬಳಿ ನನ್ನ ಮಗಳ ಕೆನ್ನೆ ಸವರಿ, "ಇವ್ಳೂ ಒಂದಿನ ಇನ್ನೊಬ್ಬರ ಮನೆಗೆ ಹೋಗ್ಬೇಕಲ್ವಾ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಮರುವರ್ಷ ನಾವು ಬನಶಂಕರಿಯ ಸ್ವಂತ ಮನೆಗೆ ಹೋದೆವು. ಕೆಲವು ತಿಂಗಳ ನಂತರ ಹಳೆಯ ಬೀದಿಯ ಹೂವಿನವಳು ಮಾರುಕಟ್ಟೆಯಲ್ಲಿ ಸಿಕ್ಕಳು. ಪಕ್ಕದ ಮನೆಯ ಮಗನಿಗೆ ಎರಡನೇ ಮದುವೆಯಾಯಿತಂತೆ. ನಮ್ಮ ಹಳೆಯ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. "ಗಂಡ ಹೆಂಡ್ತಿ ಇಬ್ರೂ ಆಫೀಸು ಕಣಕ್ಕ. ಬೆಳಗ್ಗೆ ಬೀಗ ಹಾಕಿದ್ರೆ ಸಂಜೇಗೇ," ಎಂದಳು.

ಮಾರನೆಯ ಬೆಳಿಗ್ಗೆ ಮಗಳ ಕೈ ಹಿಡಿದು ಬಸ್ಸು ಹತ್ತಿದೆ. ಆ ಮನೆಯ ಬಾಗಿಲು ತಟ್ಟಿದಾಗ ಅತ್ತೆಯ ಧ್ವನಿ ಒಳಗಿನಿಂದ, "ಯಾರದು?" ಎಂದು ಕೇಳಿತು.

"ಪಕ್ಕದ ಮನೆಯವಳು," ಎಂದೆ.