ಸಿಕ್ಲಿಡ್ ಮೀನಿಗೆ ಟಗರಿನ ಮದ್ದು

ಮನೆಯ ಗಾಜಿನ ತೊಟ್ಟಿಯಲ್ಲಿ ನಾನು ಸಾಕಿದ ಆಫ್ರಿಕಾದ ಸಿಕ್ಲಿಡ್ ಮಹಾ ಜಗಳಗಂಟ ಮೀನು. ಜೊತೆಗೆ ಬಿಟ್ಟ ಮೂರು ಮೀನುಗಳನ್ನು ಕಚ್ಚಿ ಕೊಂದಿತ್ತು. ನಾಲ್ಕನೆಯದನ್ನು ನೀರಿನ ಚೀಲದಲ್ಲಿ ಹಿಡಿದು ಗೋಕಾಕದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಾಜೂ ಕೂತ ಕುರಿಗಾರ ಕಾಕಾ ಏನಿದು ಎಂದರು. ಮೂರು ಸತ್ತ ಕತೆಯ ಜೊತೆಗೆ ಮೊಬೈಲಿನಲ್ಲಿ ನೋಡಿ ಕಲಿತದ್ದನ್ನೆಲ್ಲ ಕೊಣ್ಣೂರಿನವರೆಗೂ ಒದರಿದೆ.

“ಹಳೇ ಹಟ್ಟ್ಯಾಗ ಹೊಸಾ ಟಗರು ಬಿಟ್ರ ಗುದ್ದದ ಬಿಡ್ತಾವೇನ್ರಿ? ನಾವು ಹಟ್ಟಿ ಬದಲಿ ಮಾಡಿದ ದಿನಾನ ಹೊಸಾದನ್ನ ಕೂಡಸ್ತೀವಿ,” ಎಂದರು.

ಮನೆಗೆ ಬಂದು ತೊಟ್ಟಿಯ ಕಲ್ಲುಗಳನ್ನೆಲ್ಲ ಅದಲುಬದಲು ಮಾಡಿ ಹೊಸದನ್ನು ಬಿಟ್ಟೆ. ಹಳೆಯ ದಾದಾ ತನ್ನ ಜಾಗ ಕಾಣದೆ ಮೂಲೆ ಸೇರಿದ.

ಮರುವಾರ ಆಫೀಸಿಗೆ ಬಂದ ಹೊಸ ಸಾಹೇಬರು ಮೊದಲು ಎಲ್ಲರ ಟೇಬಲ್ಲು ಬದಲಿಸಿದರು. ವರ್ಷಗಟ್ಟಲೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಡದ ನಾನು ಫೈಲು ಎತ್ತಿಕೊಂಡು ಹೋಗಿ ಬಾಗಿಲ ಬಳಿ ಕೂತೆ. ಅವರು ಕುರಿ ಸಾಕಿದವರೋ ಮೀನು ಸಾಕಿದವರೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.